ಗಂಗಾವತಿ–ಹಿರೇಬೆಣಕಲ್–ಆನೆಗೊಂದಿ: ಸೈಕಲ್ಲು, ಗುಡ್ಡ ಎರಡೂ ಸೇರಿ ಎರಡು ದಿನ. ಪ್ಲಾನ್ ನೋಡಿ ಹೇಳ್ರಿ

ಕಾರಟಗಿ ಸೈಕಲ್:

ನಮಸ್ಕಾರ್ರಿ ಎಲ್ಲರಿಗೂ. ಮಾರ್ಚ್ ಮೊದಲ ವಾರ ಶನಿವಾರ-ರವಿವಾರ ನಾಲ್ಕು ಮಂದಿ ಹೊಂಟೀವಿ. ಪ್ಲಾನ್ ಹಿಂಗೈತಿ.

ಶನಿವಾರ: 8 ಗಂಟೆಕ್ಕ ನಾಷ್ಟಾ ಮುಗಿಸಿ ಗಂಗಾವತಿಯಿಂದ ಹಿರೇಬೆಣಕಲ್, ಸುಮಾರು 10 ಕಿ.ಮೀ. ಗುಡ್ಡ ಹತ್ತಿ ಶಿಲಾಸಮಾಧಿ (ಹಳೇ ಕಾಲದ ಕಲ್ಲುಚಪ್ಪಡಿ ಗೋರಿ) ನೋಡೂದು, ಮಧ್ಯಾಹ್ನ ಇಳಿಯೂದು, ಗಂಗಾವತಿ ಮ್ಯಾಲೆ ಹಾದು ಆನೆಗೊಂದಿ. ರಾತ್ರಿ ಅಲ್ಲೇ ವಸ್ತಿ.
ರವಿವಾರ: ಅಂಜನಾದ್ರಿ ಬೆಟ್ಟ, ಆಮ್ಯಾಲೆ ಸಾಣಾಪುರ ಕೆರಿಯಾಗ ಈಜು, ತುಂಗಭದ್ರಾ ಎಡದಂಡೆ ಕಾಲುವಿ ದಂಡಿ ಹಿಡಿದು ವಾಪಸ್.

ಸೈಕಲ್ಲು (ಕಂಸದಾಗ ಟಯರ್ ಅಳತಿ): ಹೈಬ್ರಿಡ್ ಎರಡು (700×38), ಎಂಟಿಬಿ ಅಂದ್ರ ಮೌಂಟನ್ ಬೈಕ್ ಒಂದು (29×2.2), ರೋಡ್ ಬೈಕ್ ಒಂದು (700×28). ಎಲ್ಲಾ ಟ್ಯೂಬ್ ಇರೂವೇ. ಪಂಕ್ಚರ್‌ಗೆ ಏನ್ ಮಾಡ್ಬೇಕು, ನೀರು ಎಷ್ಟು ಹೊರಬೇಕು, ಟೈಮ್ ಸರಿ ಐತೋ ಇಲ್ಲೋ ಹೇಳ್ರಿ. ನಮ್ಮ ಗೆಳೆಯಾ ಒಬ್ಬಾಂವಾ ಸ್ಕೂಬಾ (ಗಾಳಿ ಸಿಲಿಂಡರ್ ಕಟ್ಕೊಂಡು ನೀರಾಗ ಮುಳುಗೂದು) ಕಲಿಯಾಕ ಹತ್ಯಾನ. ತುಂಗಭದ್ರಾ ಡ್ಯಾಮಿನ ಹಿನ್ನೀರಿನಾಗ ಮುಳುಗಿದ ಹಳ್ಳಿ ನೋಡಾಕ ಆಗ್ತೈತೇನು ಅಂತ ಅವನ ಪ್ರಶ್ನೆ.

ಏಳುಗುಡ್ಡ:

ದೂರ ಸರಿ ಇದೆ, ಗಡಿಯಾರ ತಪ್ಪಿದೆ. ಎಂಟಕ್ಕೆ ಗಂಗಾವತಿ ಬಿಟ್ಟರೆ ಒಂಬತ್ತಕ್ಕೆ ಗುಡ್ಡದ ಬುಡ, ಹತ್ತೂವರೆಗೆ ಮೇಲೆ. ಆಮೇಲೆ ನೋಡುವುದು, ಇಳಿಯುವುದು ಎಲ್ಲ ಕಾದ ಬಂಡೆಯ ಮೇಲೆ. ಮಾರ್ಚಿನಲ್ಲಿ ಗಾಳಿಯ ಉಷ್ಣಾಂಶ 35-36 ಅಂತ ಮೊಬೈಲ್ ತೋರಿಸುತ್ತದೆ. ಆದರೆ ಗ್ರಾನೈಟಿನ ಮೈ ಅದಕ್ಕಿಂತ ಬಹಳ ಹೆಚ್ಚು ಕಾದಿರುತ್ತದೆ, ಕಾವು ಕೆಳಗಿನಿಂದಲೂ ಹೊಡೆಯುತ್ತದೆ. ಆ ಗುಡ್ಡದಲ್ಲಿ ಇರುವುದು ಕುರುಚಲು ಗಿಡ, ನೆರಳು ಅನ್ನುವಂಥದ್ದು ಬಂಡೆಯ ಸಂದಿಯಲ್ಲಿ ಮಾತ್ರ.

ಹೀಗೆ ಮಾಡಿ. ಐದೂವರೆಗೆ ಗಂಗಾವತಿ ಬಿಡಿ, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಹಾಕಿಕೊಂಡು. ಆರೂಕಾಲಿಗೆ ಊರು ಮುಟ್ಟುತ್ತೀರಿ. ಸೈಕಲ್ಲನ್ನು ಊರಲ್ಲೇ ಒಂದು ಅಂಗಡಿ ಮುಂದೆ ಹೇಳಿ ಬಿಡಿ, ಗುಡ್ಡದ ಬುಡದವರೆಗೂ ಒಯ್ಯಬೇಡಿ (ಕಾರಣ ಜಾಲಿ ಮುಳ್ಳು, ವಿವರ ಕೆಳಗೆ ಯಾರಾದರೂ ಹೇಳುತ್ತಾರೆ). ಮಾರ್ಚ್ ಮೊದಲ ವಾರ ಸೂರ್ಯ ಹುಟ್ಟುವುದು ಆರೂವರೆ ಸುಮಾರಿಗೆ. ಪೂರ್ತಿ ಬೆಳಕಾದ ಮೇಲೇ ಹತ್ತಲು ಶುರು ಮಾಡಿ. ನಸುಕಿನಲ್ಲಿ ಬೇಡ, ಕರಡಿ ಮತ್ತು ಚಿರತೆ ಎರಡೂ ಇರುವ ಸಾಲು ಅದು. ಕರಡಿ ಹುಡುಕಿಕೊಂಡು ಬಂದು ಹೊಡೆಯುವ ಪ್ರಾಣಿಯಲ್ಲ, ಸಂದಿಯಲ್ಲಿ ಎದುರಾದಾಗ ಗಾಬರಿಗೆ ಹೊಡೆಯುತ್ತದೆ. ಮಾತಾಡುತ್ತಾ ಹೋಗಿ, ಕಿವಿಗೆ ಇಯರ್‌ಫೋನ್ ಬೇಡ, ಬಂಡೆ ತಿರುವಿನಲ್ಲಿ ಕೋಲಿನಿಂದ ಕಲ್ಲು ತಟ್ಟಿ.

ಹತ್ತುವುದಕ್ಕೆ ಒಂದರಿಂದ ಒಂದೂವರೆ ತಾಸು. ಕಾಲುಹಾದಿ ಹಲವು ಕಡೆ ಕವಲೊಡೆಯುತ್ತದೆ, ಕುರಿ-ಮೇಕೆ ಹೋದ ದಾರಿಯೂ ಮನುಷ್ಯರ ದಾರಿಯ ಹಾಗೇ ಕಾಣುತ್ತದೆ. ದಾರಿ ತಪ್ಪುವುದು ಹೆಚ್ಚಾಗಿ ಇಳಿಯುವಾಗ, ಯಾಕೆಂದರೆ ಮೇಲಿನಿಂದ ಎಲ್ಲಾ ಸಂದಿಯೂ ಒಂದೇ ಥರ. ಹತ್ತುವಾಗಲೇ ಮೊಬೈಲಿನಲ್ಲಿ ಟ್ರ್ಯಾಕ್ ರೆಕಾರ್ಡ್ ಹಾಕಿ, ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಂಡಿರಿ. ಪ್ರತಿ ಕವಲಿನಲ್ಲಿ ಒಮ್ಮೆ ಹಿಂತಿರುಗಿ ನೋಡಿ ಫೋಟೋ ತೆಗೆಯಿರಿ, ಇಳಿಯುವಾಗ ಕಾಣುವ ದೃಶ್ಯ ಅದೇ. ಮೊದಲ ಸಲವಾದರೆ ಊರಿನ ಒಬ್ಬರನ್ನು ಕೂಲಿ ಕೊಟ್ಟು ಕರೆದೊಯ್ಯಿರಿ. ಅದು ಖರ್ಚಲ್ಲ.

ಮೇಲೆ ಏನಿದೆ: ಸುಮಾರು 400 ಶಿಲಾಸಮಾಧಿಗಳು. ಊರವರು ಮೋರೇರ ಗುಡ್ಡ ಅನ್ನುತ್ತಾರೆ. ನಿಜಾಮರ ಸೇವೆಯಲ್ಲಿದ್ದ ಮೆಡೋಸ್ ಟೇಲರ್ 1835ರಲ್ಲೇ ಇದನ್ನು ವರದಿ ಮಾಡಿದ್ದ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಮೂರು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಮುಚ್ಚುಗಲ್ಲು, ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಈ ಚಪ್ಪಡಿಗಳಿಗೆ ಗಾರೆಯಿಲ್ಲ, ಒಂದರ ಭಾರಕ್ಕೆ ಇನ್ನೊಂದು ನಿಂತಿದೆ. ಮುಚ್ಚುಗಲ್ಲಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರಿಂದಲೇ ಅರ್ಧ ಹಾಳಾಗುವುದು. ತಟ್ಟಿದರೆ ನಗಾರಿಯ ಹಾಗೆ ದನಿ ಕೊಡುವ ನಗಾರಿ ಬಂಡೆಯನ್ನು ಕಲ್ಲಿನಿಂದ ಬಡಿಯಬೇಡಿ. ಕಟ್ಟಿಗೆಯಿಂದ ಮೆಲ್ಲಗೆ ತಟ್ಟಿದರೂ ಅದರ ದನಿ ಗೊತ್ತಾಗುತ್ತದೆ.

ಎಷ್ಟೇ ಉಳಿದಿದ್ದರೂ ಒಂಬತ್ತೂವರೆಗೆ ಇಳಿಯಲು ತಿರುಗಿ.

ನೆಗ್ಗಿಲುಮುಳ್ಳು:

ಪಂಕ್ಚರ್ ವಿಷಯ ನನಗಿರಲಿ.

ಇಲ್ಲಿ ಎರಡು ಮುಳ್ಳು, ಎರಡು ಥರದ ಕಾಟ. ಒಂದು ನೆಗ್ಗಿಲು: ಸಣ್ಣದು, ರಸ್ತೆ ಅಂಚಿನ ಮಸಾರಿ ಮಣ್ಣಿನಲ್ಲಿ ಒಣಗಿ ಬಿದ್ದಿರುತ್ತದೆ, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ. ತೂತು ಸೂಜಿಯಷ್ಟು, ಗಾಳಿ ನಿಧಾನ ಇಳಿಯುತ್ತದೆ, ಬೆಳಿಗ್ಗೆ ಎದ್ದು ನೋಡಿದಾಗ ಗೊತ್ತಾಗುತ್ತದೆ. ಇನ್ನೊಂದು ಬಳ್ಳಾರಿ ಜಾಲಿ: ಉದ್ದ, ಗಟ್ಟಿ. ಒಣಗಿದ ಮುಳ್ಳು ಟಯರ್ ದಾಟಿ ಟ್ಯೂಬಿನ ಎರಡೂ ಬದಿ ತೂತು ಮಾಡುತ್ತದೆ, ತುದಿ ಟಯರಿನೊಳಗೇ ಮುರಿದು ಕೂರುತ್ತದೆ. ಒಂದೇ ಪ್ಯಾಚ್ ಹಾಕಿ ಗಾಳಿ ಹೊಡೆದು ಮತ್ತೆ ಪಂಕ್ಚರ್ ಆಗುವುದು ಈ ಎರಡು ಕಾರಣಕ್ಕೆ.

ಮುನ್ನೆಚ್ಚರಿಕೆ ಹೀಗಿರಲಿ. ಹೈಬ್ರಿಡ್ ಎರಡಕ್ಕೂ, ಎಂಟಿಬಿಗೂ ಟ್ಯೂಬಿನೊಳಗೆ ಸೀಲೆಂಟ್ (ಸಣ್ಣ ತೂತನ್ನು ತಾನೇ ಮುಚ್ಚುವ ದ್ರವ) ಹಾಕಿ. 700×38ಕ್ಕೆ 60 ಮಿ.ಲೀ., 29×2.2ಕ್ಕೆ 100 ಮಿ.ಲೀ. ಇದಕ್ಕೆ ವಾಲ್ವಿನ ಒಳತುಂಡು (ಕೋರ್) ಬಿಚ್ಚುವಂಥ ಟ್ಯೂಬೇ ಬೇಕು, ಕೊಳ್ಳುವಾಗ ನೋಡಿ. ವಾಲ್ವನ್ನು ಗಡಿಯಾರದ ನಾಲ್ಕರ ಜಾಗಕ್ಕೆ ತಂದು ಹಾಕಿ. ಆರರ ಜಾಗದಲ್ಲಿಟ್ಟು ಹಾಕಿದರೆ ದ್ರವ ವಾಲ್ವಿನಲ್ಲೇ ನಿಂತು ಗಟ್ಟಿಯಾಗಿ, ಆಮೇಲೆ ಗಾಳಿಯೇ ಹೋಗುವುದಿಲ್ಲ. ಹಾಕಿದ ಮೇಲೆ ಗಾಲಿಯನ್ನು ಐದು ನಿಮಿಷ ತಿರುಗಿಸಿ, ಎರಡೂ ಬದಿಗೆ ವಾಲಿಸಿ. ಲೇಟೆಕ್ಸ್ ಸೀಲೆಂಟ್ ನಮ್ಮ ಬಿಸಿಲಿಗೆ ಎರಡು ತಿಂಗಳಲ್ಲಿ ಒಣಗುತ್ತದೆ. ಹೋದ ದೀಪಾವಳಿಗೆ ಹಾಕಿದ್ದು ಈಗ ಇದೆ ಅಂತ ನಂಬಬೇಡಿ.

ಪ್ಯಾಚ್ ಹಾಕುವಾಗ ತಪ್ಪುವುದೆಲ್ಲಿ ಅಂದರೆ:

ತೂತು ಸಿಕ್ಕ ಕೂಡಲೇ ಅದರ ಎದುರು ಬದಿಯನ್ನೂ ನೋಡಿ. ಟ್ಯೂಬನ್ನು ವಾಲ್ವಿನ ಗುರುತಿಟ್ಟು ಟಯರ್ ಮೇಲೆ ಹಾಸಿದರೆ ಮುಳ್ಳು ಕೂತ ಜಾಗ ಗೊತ್ತಾಗುತ್ತದೆ. ಟಯರಿನ ಒಳಗೆ ಬೆರಳಾಡಿಸಬೇಡಿ, ಹಳೇ ಬನಿಯನ್ ತುಂಡು ಎಳೆಯಿರಿ, ಮುಳ್ಳಿದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಮುರಿದ ತುದಿ ಕೀಳಲು ಕಾಲಿನ ಮುಳ್ಳು ತೆಗೆಯುವ ಚಿಮಟಾ ಸಾಕು. ಒಳಗಿನಿಂದ ಬಾರದಿದ್ದರೆ ಹೊರಗಿನಿಂದ ಸಣ್ಣ ಮೊಳೆಯಿಂದ ಒಳಕ್ಕೆ ತಳ್ಳಿ ಆಮೇಲೆ ಕೀಳಿ.

ಪ್ಯಾಚಿಗಿಂತ ದೊಡ್ಡ ಜಾಗ ಉಜ್ಜಿ, ಮಿಂಚು ಹೋಗಿ ಮಂಕಾಗುವವರೆಗೆ. ಉಜ್ಜಿದ ಜಾಗಕ್ಕೆ ಬೆವರಿನ ಬೆರಳು ಮುಟ್ಟಿಸಬೇಡಿ. ಸೊಲ್ಯೂಷನ್ ತೆಳ್ಳಗೆ ಒಂದೇ ಪದರ, ಐದು ನಿಮಿಷ ಕಾಯಿರಿ. ಹಸಿ ಇರುವಾಗಲೇ ಒತ್ತುವುದು ಎಲ್ಲರೂ ಮಾಡುವ ಆತುರ. ಅದು ಅಂಟಲ್ಲ, ರಬ್ಬರನ್ನೇ ಬೆಸೆಯುವ ದ್ರವ, ಒಣಗಿದ ಮೇಲೇ ಹಿಡಿಯುವುದು. ಒಮ್ಮೆ ಒಡೆದ ಸೊಲ್ಯೂಷನ್ ಟ್ಯೂಬು ಮುಚ್ಚಳ ಬಿಗಿದಿದ್ದರೂ ಆರುತ್ತದೆ, ಒಡೆಯದ್ದೊಂದು ಇಟ್ಟುಕೊಳ್ಳಿ. ದಾರಿಯಲ್ಲಿ ಪ್ಯಾಚ್ ಹಾಕುತ್ತಾ ಕೂರುವುದಕ್ಕಿಂತ ಬೇರೆ ಟ್ಯೂಬ್ ಏರಿಸಿ, ಪ್ಯಾಚನ್ನು ವಸ್ತಿಯಲ್ಲಿ ಹಾಕಿ. ಒಬ್ಬೊಬ್ಬರಿಗೆ ಎರಡು ಟ್ಯೂಬ್.

ಎರೆಹೊಲ:

ಮ್ಯಾಲಿನವರು ಹೇಳಿದ್ದು ಎಲ್ಲಾ ಖರೆ ಅದ, ಆದ್ರ ಟ್ಯೂಬ್‌ನ್ಯಾಗ ಸೀಲೆಂಟ್ ಅರ್ಧ ಕೆಲಸ ಮಾಡ್ತದ. ಜಾಲಿ ಮುಳ್ಳು ಹೊಕ್ಕು ಟ್ಯೂಬು ಉದ್ದಕ ಹರಿದ್ರ ಯಾವ ಸೀಲೆಂಟೂ ನಿಲ್ಲಂಗಿಲ್ಲ. ಎಂಟಿಬಿ ರಿಮ್ ಟ್ಯೂಬ್‌ಲೆಸ್‌ಗೆ ಒಪ್ಪೂ ಅಂಥದ್ದಿದ್ರ ಟ್ಯೂಬ್‌ಲೆಸ್ ಮಾಡಿಸ್ರಿ. ಮುಳ್ಳು ಚುಚ್ಚಿ ನಿಂತು ಗಾಳಿ ಹೋಗದಿದ್ರ ಅದನ್ನ ಅಲ್ಲೇ ಕೀಳಬ್ಯಾಡ್ರಿ, ಊರಿಗೆ ಬಂದು ಕೀಳ್ರಿ. ಕೀಳಲೇಬೇಕಂದ್ರ ಆ ಜಾಗ ಕೆಳಗ ಬರಂಗ ಗಾಲಿ ತಿರುಗಿಸಿ ಕೀಳ್ರಿ, ದ್ರವ ಅಲ್ಲೇ ನಿಂತಿರ್ತದ, ತೂತು ಮುಚ್ಚತದ.

ಇನ್ನ ಕಾಲುವಿ ದಂಡಿ ಹಾದಿ. ರೋಡ್ ಬೈಕ್ 28 ಟಯರ್ ತಗೊಂಡು ಆ ಹಾದಿಗೆ ಇಳಿಬ್ಯಾಡ್ರಿ ಅಂದ್ರ ಇಳಿಬ್ಯಾಡ್ರಿ. ಎರಡನೇ ಬೆಳಿಗೆ ನೀರು ಬಿಟ್ಟಿದ್ರ ಜಿನುಗು ನೀರಿಗೆ ಎರಿ ಮಣ್ಣು ನೆನೆದು ಮೆತ್ತಗ ಆಗಿರ್ತದ. ಮ್ಯಾಲೆ ಒಣಗಿದಂಗ ಕಾಣ್ತದ, ಒಳಗ ಹಸಿ. ಹತ್ತು ಮಾರು ಹೋಗೂದ್ರಾಗ ಟಯರ್‌ಗೆ ಮಣ್ಣು ಮೆತ್ತಿ ಫೋರ್ಕಿಗೂ ಟಯರಿಗೂ ನಡುವ ಬೆರಳು ಹೋಗದಂಗ ತುಂಬ್ತದ. ಆಗ ಜೋರು ಮಾಡಿ ಪೆಡಲ್ ತುಳಿದ್ರ ಚೈನ್ ಮಣ್ಣು ಎಳಕೊಂಡು ಗೇರ್ ಬದಲಿಸೂ ಡಿರೇಲರ್‌ನ ಹಿಂದಕ್ಕ ಜಗ್ಗತದ, ಅದು ತೂಗಿರೂ ತುಂಡು (ಹ್ಯಾಂಗರ್) ಮುರಿತದ, ಡಿರೇಲರ್ ಕಡ್ಡಿಯೊಳಗ ಹೋಗ್ತದ. ಸೈಕಲ್ ಅಲ್ಲಿಗೇ ಮುಗೀತು. ಹ್ಯಾಂಗರ್ ಒಂದೊಂದು ಮಾಡೆಲ್‌ಗೆ ಒಂದೊಂದು ಥರ ಇರ್ತದ, ಯಾವ ಅಂಗಡ್ಯಾಗೂ ಸಿಗಂಗಿಲ್ಲ. ನಿಮ್ಮ ಸೈಕಲ್‌ದ್ದು ತರಿಸಿ ಸೀಟ್ ಚೀಲದಾಗ ಇಟ್ಕೊಳ್ರಿ.

ಎರಿಯೊಳಗ ಸಿಕ್ಕೊಂಡ್ರ: ತುಳಿಯೂದು ನಿಲ್ಸ್ರಿ, ಇಳೀರಿ, ದಬ್ಬಬ್ಯಾಡ್ರಿ, ಹೊತ್ಕೊಂಡು ಹುಲ್ಲಿನ ಮ್ಯಾಲ ಬರ್ರಿ. ಜಾಲಿ ಬಿಟ್ಟು ಬ್ಯಾರೆ ಕಟ್ಟಿಗಿಯಿಂದ ಮಣ್ಣು ಕೆತ್ತರಿ. ನೀರು ಹಾಕಬ್ಯಾಡ್ರಿ, ಇನ್ನೂ ಅಂಟ್ತದ. ಒಣಗಲಿಕ್ಕೆ ಬಿಟ್ಟು ಬಡಿದ್ರ ಹೆಂಟಿ ಹೆಂಟಿ ಉದುರ್ತದ.

ಡಾಂಬರು ರಸ್ತೆನೂ ಪೂರ್ತಿ ಸಸಾರ ಇಲ್ಲ. ಗದ್ದಿಯಿಂದ ಟ್ರ್ಯಾಕ್ಟರ್ ಕೇಜ್ ವೀಲ್ (ಕೆಸರಿಗೆ ಹಾಕೂ ಕಬ್ಬಿಣದ ಗಾಲಿ) ಸಮೇತ ರಸ್ತೆಗೆ ಬಂದ್ರ ಕೆಸರು ಸಾಲು ಬಿಟ್ಟು ಹೋಗ್ತದ. ತಿರುವಿನ್ಯಾಗ ಅದರ ಮ್ಯಾಲ ಬ್ರೇಕ್ ಹಿಡಿದ್ರ ಮುಂದಿನ ಗಾಲಿ ಜಾರಿ ಬಿದ್ದೀರಿ ಅಂತ ಲೆಕ್ಕ. ಸುಗ್ಗಿ ಟೈಮಿಗೆ ರಸ್ತೆ ತುಂಬ ಭತ್ತ ಒಣಗಾಕ ಹಾಕಿರ್ತಾರ, ಅಂಚಿಗೆ ಕಲ್ಲಿಟ್ಟಿರ್ತಾರ. ಅದು ಮಂದಿ ಹೊಟ್ಟಿ ಪಾಡು, ಇಳಿದು ನಡ್ಕೊಂಡು ದಾಟ್ರಿ.

ನೆಗ್ಗಿಲುಮುಳ್ಳು:

ಟ್ಯೂಬ್‌ಲೆಸ್ ಒಪ್ಪುತ್ತೇನೆ, ಆದರೆ ಹೊರಡುವ ಹಿಂದಿನ ವಾರ ಮಾಡಿಸುವುದಾದರೆ ಬೇಡ. ಹೊಸದಾಗಿ ಕೂರಿಸಿದ ಟಯರ್ ಮೊದಲ ಕೆಲವು ದಿನ ಅಂಚಿನಲ್ಲಿ ಗಾಳಿ ಬಿಡುತ್ತಿರುತ್ತದೆ. ದಾರಿಯಲ್ಲಿ ಅಂಚು ಬಿಟ್ಟರೆ ಕೈಪಂಪಿನಿಂದ ಮತ್ತೆ ಕೂರಿಸಲು ಆಗುವುದಿಲ್ಲ, ಕಂಪ್ರೆಸರ್ ಬೇಕು.

ಗಾಳಿ ಒತ್ತಡ, 70-75 ಕೆ.ಜಿ. ಸವಾರನಿಗೆ: 700×38 ಹಿಂದೆ 50, ಮುಂದೆ 45 ಪಿಎಸ್ಐ. ಟ್ಯೂಬ್ ಇರುವ 29×2.2 ಹಿಂದೆ 32, ಮುಂದೆ 28. ಇದಕ್ಕಿಂತ ಇಳಿಸಿದರೆ ಕಲ್ಲಿನಂಚಿಗೆ ಬಡಿದು ಟ್ಯೂಬು ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. ರೋಡ್ ಬೈಕಿನವರಿಗೆ ಒಂದೇ ಮಾತು: ಬೇರೆಯವರ ಹಳೇ ಹೈಬ್ರಿಡ್ ಕೇಳಿ ತನ್ನಿ.

ಹರಿಗೋಲು:

ಸಾಣಾಪುರದ ಈಜು ಪಟ್ಟಿಯಿಂದ ತೆಗೆಯಿರಿ. ಉಳಿದದ್ದು ಆಮೇಲೆ ಮಾತಾಡೋಣ.

ಕಾರಟಗಿ ಸೈಕಲ್:

ಅಣ್ಣಾರ, ಅಲ್ಲಿ ಎಲ್ಲಾರೂ ಹಾರತಾರಲ್ರಿ, ರೀಲ್ಸ್ ತುಂಬಾ ಅದೇ ಐತಿ. ನಮ್ಮೊಳಗ ಮೂವರಿಗೆ ಚಲೋ ಈಜು ಬರ್ತೈತಿ.

ಹರಿಗೋಲು:

ಈಜು ಬರುವುದು ಬೇರೆ, ಆ ನೀರು ಬೇರೆ. ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪ್ರತಿ ವರ್ಷ ಇದೇ ಮಾತು.

ಸಾಣಾಪುರದ ಕೆರೆ ನಿಂತ ನೀರಿನ ಕೆರೆಯಲ್ಲ, ಎಡದಂಡೆ ಕಾಲುವೆಗೆ ಸೇರಿದ ಜಲಾಶಯ. ಕಾಲುವೆಯಲ್ಲಿ ಎಷ್ಟು ಬಿಟ್ಟರು ಅನ್ನುವುದರ ಮೇಲೆ ಮಟ್ಟ ಏರುತ್ತದೆ, ಇಳಿಯುತ್ತದೆ. ನಿನ್ನೆ ಹಾರಿದ ಜಾಗದಲ್ಲಿ ಇವತ್ತು ಬಂಡೆ ಎರಡಡಿ ಕೆಳಗಿರಬಹುದು. ಮೇಲಿನಿಂದ ನೋಡಿದರೆ ನೀರು ಒಂದೇ ಬಣ್ಣ. ಹೊಳೆಯ ಕಡೆ ಇನ್ನೂ ಕಷ್ಟ. ತುಂಗಭದ್ರಾ ಅಲ್ಲಿ ಬಂಡೆಗಳ ನಡುವೆ ಸೀಳಿಕೊಂಡು ಹರಿಯುತ್ತದೆ. ಬಂಡೆಯ ಅಡಿಯಲ್ಲಿ ನೀರು ನುಗ್ಗುವ ಸಂದಿ ಇರುತ್ತವೆ. ನೀರು ದಾಟುತ್ತದೆ, ಮನುಷ್ಯ ದಾಟುವುದಿಲ್ಲ, ಒತ್ತಡಕ್ಕೆ ಅಲ್ಲೇ ಅಂಟಿಕೊಳ್ಳುತ್ತಾನೆ. ಒಳ್ಳೆಯ ಈಜುಗಾರರು ಹೋಗುವುದು ಹೀಗೇ. ಮೊಸಳೆಯೂ ಇದೆ.

ಕಾಲುವೆಯಲ್ಲಿ ಕೈಕಾಲು ತೊಳೆಯಲೂ ಇಳಿಯಬೇಡಿ. ಸಿಮೆಂಟಿನ ಇಳಿಜಾರು, ಮೇಲೆ ಪಾಚಿ. ಒಮ್ಮೆ ಜಾರಿದರೆ ಹಿಡಿಯಲು ಏನೂ ಇಲ್ಲ, ನೀರು ಎದೆಮಟ್ಟವಿದ್ದರೂ ಕಾಲು ನಿಲ್ಲುವುದಿಲ್ಲ. ಯಾರಾದರೂ ಬಿದ್ದರೆ ಹಿಂದೆ ಹಾರಬೇಡಿ. ಹಗ್ಗ, ಇಲ್ಲದಿದ್ದರೆ ಎರಡು ಟವೆಲ್ ಗಂಟು ಹಾಕಿ ಎಸೆಯಿರಿ. ದಂಡೆಯ ಮೇಲೆ ಮಲಗಿ ಎಳೆಯಿರಿ, ನಿಂತು ಎಳೆದರೆ ನೀವೂ ಒಳಗೆ. ಬಿದ್ದವರು ಎದುರು ಈಜಬಾರದು. ಕಾಲು ಮುಂದೆ ಮಾಡಿ ಅಂಗಾತ ತೇಲಿ, ಮೆಟ್ಟಿಲು ಬರುವ ಕಡೆಗೆ ಓರೆಯಾಗಿ ಸರಿಯಬೇಕು. ತೂಬು ಮತ್ತು ಗೇಟು ಬರುವ ಮುಂಚೆ.

ನೀರಿನ ಆಸೆ ತೀರಬೇಕಾದರೆ ಹರಿಗೋಲು ಹತ್ತಿ. ಹತ್ತುವ ಮುಂಚೆ ಲೈಫ್ ಜಾಕೆಟ್ ಕೇಳಿ, ಹಾಕಿ, ಹೆಗಲ ಪಟ್ಟಿ ಹಿಡಿದು ಇನ್ನೊಬ್ಬರಿಂದ ಮೇಲಕ್ಕೆ ಎಳೆಸಿ. ಕಿವಿ ದಾಟಿ ಮೇಲೆ ಬಂದರೆ ಅದು ದೊಡ್ಡದಾಯಿತು. ಹರಿಗೋಲು ಗಿರಗಿರ ತಿರುಗಿಸು ಅಂತ ಅಂಬಿಗನಿಗೆ ದುಂಬಾಲು ಬೀಳಬೇಡಿ. ಎಲ್ಲರೂ ಒಂದೇ ಬದಿಗೆ ವಾಲಿದಾಗ ಮಗುಚುವುದು. ಕೂರುವಾಗ ಎದುರುಬದುರು, ಭಾರ ಸಮ.

ಡ್ಯಾಮಿನಿಂದ ನೀರು ಬಿಡುವ ತಿಂಗಳು, ಅಂದರೆ ಜುಲೈಯಿಂದ ಅಕ್ಟೋಬರ್, ಬೇರೆಯೇ ಲೆಕ್ಕ. 2019ರ ಆಗಸ್ಟಿನಲ್ಲಿ ಹೊಳೆ ನಡುವಿನ ವಿರೂಪಾಪುರಗಡ್ಡಿಯಲ್ಲಿ ಪ್ರವಾಸಿಗರು ಸಿಕ್ಕಿಕೊಂಡಿದ್ದರು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಕ್ರೆಸ್ಟ್ ಗೇಟು (ನೀರು ಬಿಡುವ ಬಾಗಿಲು) ಕೊಚ್ಚಿಹೋದಾಗ ಮುಂಚಿತವಾಗಿ ಯಾರಿಗೂ ಗೊತ್ತಿರಲಿಲ್ಲ. ಒಟ್ಟು 33 ಗೇಟು, ಎಷ್ಟು ತೆರೆದಿದ್ದಾರೆ ಅನ್ನುವುದು ದಿನಾ ಪೇಪರಿನಲ್ಲಿ ಬರುತ್ತದೆ. ಕಂಪ್ಲಿ ಸೇತುವೆ ಮುಳುಗುವ ಸುದ್ದಿ ಇದ್ದರೆ ಆನೆಗೊಂದಿ ಕಡೆ ಹೊಳೆ ದಂಡೆಗೆ ಹೋಗುವುದೇ ಬೇಡ.

ಇನ್ನೊಂದು, ಡ್ಯಾಮಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಬಾಟಲಿ, ಗಾಳ, ಬಲೆ ಏನೂ ಬಿಟ್ಟು ಬರಬೇಡಿ. ಬೆಳಿಗ್ಗೆ ಸದ್ದಿಲ್ಲದೆ ಕೂತರೆ ಕಾಣುತ್ತವೆ.

ತಳಮುಟ್ಟಿದವ:

ಹಿನ್ನೀರಿನ ಪ್ರಶ್ನೆಗೆ ಉತ್ತರ. ಆಸೆ ಅರ್ಥವಾಗುತ್ತದೆ, 1953ರಲ್ಲಿ ಡ್ಯಾಮ್ ಮುಗಿದಾಗ ಹತ್ತಾರು ಹಳ್ಳಿ ಮುಳುಗಿದವು, ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಗುಡಿ-ಗೋಡೆ ಹೊರಗೆ ಬರುವುದೂ ಉಂಟು. ಆದರೆ ಅಲ್ಲಿ ಡೈವ್ ಆಗುವುದಿಲ್ಲ. ಮೊದಲನೆಯದು ಅನುಮತಿಯೇ ಇಲ್ಲದ ಜಾಗ. ಎರಡನೆಯದು ಹೂಳು. ಜಲಾಶಯಕ್ಕೆ ಮೊದಲು 133 ಟಿಎಂಸಿ ಹಿಡಿಯುತ್ತಿತ್ತು, ಈಗ 105 ಚಿಲ್ಲರೆ. ಕಳೆದುಹೋದಷ್ಟೂ ಜಾಗದಲ್ಲಿ ಕೂತಿರುವುದು ಮೆತ್ತನೆಯ ಹೂಳು. ಕಾಲಿಗೆ ಹಾಕುವ ಈಜುರೆಕ್ಕೆಯ (ಫಿನ್) ಒಂದು ಹೊಡೆತಕ್ಕೆ ಎದ್ದು ಕೈಗಡಿಯಾರವೂ ಕಾಣದಂತಾಗುತ್ತದೆ. ಮೂರನೆಯದು ಬಲೆ. ಮೀನುಗಾರರು ಬಿಟ್ಟ ನೈಲಾನ್ ಬಲೆ ಹಳೇ ಗೋಡೆ, ಮರದ ಬೊಡ್ಡೆಗೇ ಹೋಗಿ ಸಿಕ್ಕಿಕೊಳ್ಳುವುದು.

ನಾಲ್ಕನೆಯದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ್ದು: ಎತ್ತರ. ಪೂರ್ತಿ ಮಟ್ಟ 1633 ಅಡಿ, ಅಂದರೆ ಸುಮಾರು 498 ಮೀಟರ್. 300 ಮೀಟರ್ ದಾಟಿದರೆ ಸಮುದ್ರಮಟ್ಟದ ಡೈವ್ ಟೇಬಲ್ (ಯಾವ ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅನ್ನುವ ಪಟ್ಟಿ) ಹಾಗೇ ಬಳಸುವಂತಿಲ್ಲ, ವಾಯುಭಾರ ಕಡಿಮೆ ಇರುವುದರಿಂದ ಅದೇ ಆಳ ದೇಹಕ್ಕೆ ಹೆಚ್ಚಿನ ಆಳದ ಲೆಕ್ಕವಾಗುತ್ತದೆ.

ಗೆಳೆಯನಿಗೆ ಮುಳುಗಿದ್ದನ್ನು ನೋಡುವ ಹುಚ್ಚಿದ್ದರೆ ಸಮುದ್ರವೇ ದಾರಿ. ಮೊದಲು ಓಪನ್ ವಾಟರ್ ಕೋರ್ಸ್ (18 ಮೀಟರ್‌ವರೆಗೆ), ಆಮೇಲೆ ಅಡ್ವಾನ್ಸ್ಡ್ (30 ಮೀಟರ್), ಆಮೇಲೆ ಹಡಗಿನ ಅವಶೇಷಕ್ಕೆಂದೇ ಇರುವ ಬೇರೆ ತರಬೇತಿ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಹವಳ, ಮೀನು ಸಿಗುತ್ತವೆ. ಹಡಗು ಬೇಕಾದರೆ ಗೋವಾದ ಗ್ರಾಂಡೆ ದ್ವೀಪದ ಹತ್ತಿರ ಸೂಜೀಸ್ ರೆಕ್ ಅನ್ನುವ ಮುಳುಗಿದ ಹಡಗು ಇದೆ. ತರಬೇತಿ ಇಲ್ಲದೆ ಹಡಗಿನ ಒಳಗೆ ತಲೆ ಹಾಕಬಾರದು, ಹೊರಗಿನಿಂದ ಸುತ್ತಿದರೆ ಸಾಕು. ಒಳಗೆ ಹೋಗುವವರ ನಿಯಮ ಮೂರನೇ ಒಂದು ಪಾಲಿನದು: 200 ಬಾರ್ (ಗಾಳಿ ಒತ್ತಡದ ಅಳತೆ) ಸಿಲಿಂಡರಿನಲ್ಲಿ 65ರಷ್ಟು ಖರ್ಚಾದ ಕೂಡಲೇ ತಿರುಗಬೇಕು, ಬರುವುದಕ್ಕೆ ಇನ್ನೊಂದು 65, ಉಳಿದದ್ದು ಜೊತೆಗಾರನಿಗೆ. ಹೊರಗಿನಿಂದ ಕಟ್ಟಿಕೊಂಡು ಹೋಗುವ ದಾರ, ಒಬ್ಬೊಬ್ಬರಿಗೆ ಒಂದು ದೊಡ್ಡ ಟಾರ್ಚ್ ಮತ್ತು ಎರಡು ಸಣ್ಣವು, ದಾರ ಕತ್ತರಿಸುವ ಸಾಧನ. ದಾರ ಬಿಟ್ಟು ಒಳಗೆ ಹೋದರೆ ತುಕ್ಕು ಉದುರಿ ನೀರು ಕದಡಿದಾಗ ಬಾಗಿಲು ಯಾವ ಕಡೆ ಅನ್ನುವುದೇ ತಿಳಿಯುವುದಿಲ್ಲ.

ನಮ್ಮ ಕಡೆಯವರು ಮಾಡುವ ಒಂದು ಅಪಾಯದ ಕೆಲಸ: ರವಿವಾರ ಮಧ್ಯಾಹ್ನ ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ, ಸೋಮವಾರ ಡ್ಯೂಟಿ ಇದೆ ಅಂತ ಸಂಜೆಯೇ ಕಾರು ಹತ್ತಿ ಘಾಟ್ ಏರಿ ಹುಬ್ಬಳ್ಳಿ ಮೇಲೆ ಕೊಪ್ಪಳಕ್ಕೆ ಬರುವುದು. ಹುಬ್ಬಳ್ಳಿ 600 ಮೀಟರಿಗೂ ಮೇಲಿದೆ. ರಕ್ತದಲ್ಲಿ ಕರಗಿದ ಸಾರಜನಕ ಇನ್ನೂ ಹೊರಗೆ ಹೋಗಿರುವುದಿಲ್ಲ, ಎತ್ತರಕ್ಕೆ ಬಂದಂತೆ ಗುಳ್ಳೆಯಾಗುತ್ತದೆ. ಕೀಲುನೋವು, ಜೋಮು, ಕೆಲವೊಮ್ಮೆ ಪಾರ್ಶ್ವವಾಯು. ವಿಮಾನಕ್ಕೆ ಹೇಳುವ ನಿಯಮವನ್ನೇ ಘಾಟಿಗೂ ಪಾಲಿಸಿ: ಒಂದೇ ಡೈವ್ ಆದರೆ 12 ತಾಸು, ಒಂದಕ್ಕಿಂತ ಹೆಚ್ಚಾದರೆ 18 ತಾಸು ಕರಾವಳಿಯಲ್ಲೇ ಇರಿ. ಶನಿವಾರ ಡೈವ್, ರವಿವಾರ ಮಧ್ಯಾಹ್ನ ಪ್ರಯಾಣ.

ಗಡಿಗಿ ನೀರು:

ನೀರಿನ ಲೆಕ್ಕ ಯಾರೂ ಹೇಳಿಲ್ಲ. ಮಾರ್ಚಿನಲ್ಲಿ ಸೈಕಲ್ ಮೇಲೆ ತಾಸಿಗೆ 500ರಿಂದ 700 ಮಿ.ಲೀ. ಗುಡ್ಡಕ್ಕೆ ಒಬ್ಬರಿಗೆ 3 ಲೀಟರ್ ಹೊತ್ತೇ ಹೋಗಿ, ಮೇಲೆ ಬಂಡೆಗುಂಡಿಯಲ್ಲಿ ನೀರು ಕಂಡರೂ ಅದು ಕುಡಿಯುವ ನೀರಲ್ಲ. ಬರೇ ನೀರೇ ಕುಡಿದರೆ ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ: ತಲೆನೋವು, ವಾಕರಿಕೆ, ಕಾಲು ಸೆಳೆತ. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದಕ್ಕೆ ಪೂರ್ತಿ ಒಂದು ಲೀಟರ್ ನೀರು, ರುಚಿಗೆ ಅಂತ ಅರ್ಧ ಲೀಟರಿಗೆ ಹಾಕಬೇಡಿ. ಪೊಟ್ಟಣ ಇಲ್ಲದಿದ್ದರೆ ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮವಾಗಿ. ಇಳಿದ ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆಗಿಂತ ಒಳ್ಳೆಯದು ಯಾವುದೂ ಇಲ್ಲ. ಬೆಳಿಗ್ಗೆ ಹತ್ತುವ ಮುಂಚೆ ಒಗ್ಗರಣಿ-ಮಿರ್ಚಿ ಬೇಡ, ಅದು ಇಳಿದು ಬಂದವರ ನಾಷ್ಟಾ. ಹೋಗುವಾಗ ಬಾಳೆಹಣ್ಣು, ಶೇಂಗಾ ಚಿಕ್ಕಿ.

ಬಿಸಿಲು ಹೊಡೆದವರ ಮಾತು ತಡವರಿಸಿದರೆ, ಎಲ್ಲಿದ್ದೇನೆ ಅಂತ ಗೊತ್ತಾಗದಿದ್ದರೆ ಅದು ಸುಸ್ತಲ್ಲ, ಹೀಟ್ ಸ್ಟ್ರೋಕ್. ಆಸ್ಪತ್ರೆಗೆ ಓಡುವ ಮುಂಚೆ ತಂಪು ಮಾಡಿ: ನೆರಳು, ಬಟ್ಟೆ ಸಡಿಲ, ಇದ್ದಷ್ಟೂ ನೀರು ಮೈಮೇಲೆ ಸುರಿದು ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ. ಪೂರ್ತಿ ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹಾವು: ಆ ಕಲ್ಲುಗುಡ್ಡದಲ್ಲಿ ಗರಗಸ ಮಂಡಲ, ಕೊಳಕುಮಂಡಲ ಎರಡೂ ವಿಷದ ಹಾವು ಇವೆ. ಕಾಣದ ಕಡೆ ಕೈ ಹಾಕಿ ಬಂಡೆ ಹಿಡಿಯಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಕಡಗ, ಶೂ ಬಿಚ್ಚಿ, ಊತ ಬಂದಮೇಲೆ ಬಿಚ್ಚಲಾಗುವುದಿಲ್ಲ. ಕಾಲನ್ನು ಕೋಲಿಗೆ ಸಡಿಲವಾಗಿ ಕಟ್ಟಿ ಅಲುಗಾಡದ ಹಾಗೆ ಮಾಡಿ, ನಡೆಸದೆ ಹೊತ್ತುಕೊಂಡು ಇಳಿಸಿ. 108ಕ್ಕೆ ಕರೆ ಮಾಡುವಾಗಲೇ ಹಾವು ಕಚ್ಚಿದೆ ಅಂತ ಹೇಳಿ, ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು) ಇರುವ ಆಸ್ಪತ್ರೆಗೆ ಒಯ್ಯುತ್ತಾರೆ. ಹಾವನ್ನು ಹಿಡಿಯುವ, ಕೊಲ್ಲುವ ಸಾಹಸ ಬೇಡ.

ಬಂಡೆಮೇಲಿನ ಹಲ್ಲಿ:

ಹೆಜ್ಜೇನು ಮರೆತಿರಿ. ಆನೆಗೊಂದಿ, ಸಾಣಾಪುರ, ಹಿರೇಬೆಣಕಲ್ ಎಲ್ಲಾ ಕಡೆ ದೊಡ್ಡ ಬಂಡೆಯ ಚಾಚಿನ ಕೆಳಗೆ ತಟ್ಟಿ ಇರುತ್ತವೆ. ಹತ್ತುವ ಮುಂಚೆ ಒಮ್ಮೆ ತಲೆಯೆತ್ತಿ ನೋಡಿ. ಬಂಡೆಯ ಮೇಲೆ ಜೇನಿನ ಕಪ್ಪು ಕಲೆ ಕಂಡರೆ ಅದರ ಕೆಳಗೆ ಕೂತು ಊಟ ಮಾಡಬೇಡಿ, ಸೆಂಟ್ ಹಾಕಿಕೊಂಡು ಹೋಗಬೇಡಿ, ಡ್ರೋನ್ ಹಾರಿಸಬೇಡಿ, ಬೀಡಿ ಹಚ್ಚಬೇಡಿ. ಎದ್ದರೆ ಮುಖ ಮುಚ್ಚಿಕೊಂಡು ಒಂದೇ ದಿಕ್ಕಿಗೆ ಓಡಿ, ನಿಂತು ಕೈಬೀಸಬೇಡಿ. ನೀರಿಗೆ ಹಾರಿದರೆ ಮೇಲೆ ಬರುವವರೆಗೂ ಕಾಯುತ್ತವೆ. ಚುಚ್ಚಿದ ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ಬಹಳ ಕಡೆ ಚುಚ್ಚಿದ್ದರೆ, ಉಸಿರು ಬಿಗಿದರೆ ಆಸ್ಪತ್ರೆ.

ಬೋಲ್ಡರಿಂಗ್ (ಹಗ್ಗವಿಲ್ಲದೆ ಬಂಡೆ ಹತ್ತುವುದು) ಮಾಡುವ ಮನಸ್ಸಿದ್ದರೆ ಮಾರ್ಚ್ ಆಗಲೇ ತಡ. ಡಿಸೆಂಬರ್-ಜನವರಿ ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದರ ಮೇಲೆ. ಕಾದ ಬಂಡೆಯ ಮೇಲೆ ಬೆವರಿದ ಬೆರಳು ನಿಲ್ಲುವುದಿಲ್ಲ, ಈ ಗ್ರಾನೈಟು ತುದಿಬೆರಳಿನ ಚರ್ಮ ಎರಡೇ ದಿನದಲ್ಲಿ ತೆಗೆಯುತ್ತದೆ. ಕ್ರ್ಯಾಶ್ ಪ್ಯಾಡ್ (ಬಿದ್ದರೆ ಪೆಟ್ಟಾಗದಂತೆ ಕೆಳಗೆ ಹಾಸುವ ದಪ್ಪ ಹಾಸು) ಬಾಡಿಗೆಗೆ ಸಿಕ್ಕರೆ ಎರಡು ತೆಗೆದುಕೊಳ್ಳಿ, ನಡುವಿನ ಸಂದಿ ಮುಚ್ಚುವ ಹಾಗೆ ಜೋಡಿಸಿ. ಕಾಲು ಹೊರಳುವುದು ಆ ಸಂದಿಯಲ್ಲೇ.

ಅಂಜನಾದ್ರಿಗೆ 575 ಮೆಟ್ಟಿಲು. ಶನಿವಾರ ಜನ ಜಾಸ್ತಿ, ನೀವು ರವಿವಾರ ಇಟ್ಟುಕೊಂಡದ್ದು ಸರಿ, ಆದರೂ ಆರಕ್ಕೇ ಹತ್ತಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಕೋತಿ ಬಿಡುವುದಿಲ್ಲ. ಡಿಸೆಂಬರಿನಲ್ಲಿ ಹನುಮಮಾಲೆಯವರು ಬರುವಾಗ ಸೈಕಲ್ ತಗೊಂಡು ಆ ರಸ್ತೆಗೇ ಬರಬೇಡಿ.

ಸಂಡೂರು ಕಣಿವೆ:

ನಮ್ ಬಳ್ಳಾರಿ ಕಡೆ ಮಾತೂ ಒಂದಿರ್ಲಿ. ಬೇಸಿಗೆನಾಗೆ ಗಂಗಾವತಿ ಕಾದಿದ್ರೆ ಸಂಡೂರೂ ಕಾದಿರ್ತೈತೆ, ಆದ್ರೆ ಆಗಸ್ಟ್-ಸೆಪ್ಟೆಂಬರ್‌ನಾಗೆ ನಾರಿಹಳ್ಳದ ಕಣಿವೆ ಬಿಟ್ಟು ಬೇರೆ ಕಡೆ ಹೋಗೋದು ವೇಸ್ಟು. ಭೀಮಗಂಡಿ, ಓಬಳಗಂಡಿ ಎರಡೂ ಸೈಕಲ್‌ನಾಗೇ ನೋಡ್ಬಹುದು. ಕಷ್ಟ ಅಂದ್ರೆ ಅದಿರು ಲಾರಿ. ಕೆಂಪು ಧೂಳು ಚೈನ್ ಎಣ್ಣೆಗೆ ಸೇರಿ ಉಜ್ಜೋ ಮಸಾಲೆ ಆಗ್ತೈತೆ, ಚೈನ್ ಬೇಗ ಸವೀತೈತೆ. ಮಳೆಗಾಲಕ್ಕೆ ಅಂತ ಹಾಕೋ ದಪ್ಪ ಎಣ್ಣೆ ಹಾಕ್ಬೇಡಿ, ಡ್ರೈ ಲ್ಯೂಬ್ (ಧೂಳು ಅಂಟದ ತೆಳು ಎಣ್ಣೆ) ಒಂದೊಂದು ಕೊಂಡಿಗೆ ಒಂದೊಂದು ಹನಿ, ಹತ್ತು ನಿಮಿಷ ಬಿಟ್ಟು ಹೊರಗಿಂದು ಒರೆಸಿ. ಲಾರಿ ಹಿಂದೆ ಬಿದ್ದು ಹೋಗ್ಬೇಡಿ, ನಿಲ್ಸಿ ಧೂಳು ಕೂತ್ಕೊಂಡ್ಮೇಲೆ ಹೋಗಿ. ಹಗಲು ಹೊತ್ತೂ ಹಿಂದಿನ ದೀಪ ಮಿಣುಗ್ಲಿ, ಆ ಧೂಳಿನಾಗೆ ಡ್ರೈವರ್‌ಗೆ ಕಾಣೋದು ಅದೊಂದೇ.

ಕಾರಟಗಿ ಸೈಕಲ್:

ಎಲ್ಲಾರಿಗೂ ಶರಣ್ರಿ. ಪ್ಲಾನ್ ಬದಲಿ ಮಾಡೀನಿ, ನೋಡ್ರಿ.

ಶನಿವಾರ 5:30ಕ್ಕ ಗಂಗಾವತಿ, 6:15 ಹಿರೇಬೆಣಕಲ್, ಊರಾಗ ಸೈಕಲ್ ಬಿಟ್ಟು ಒಬ್ಬರನ್ನ ಕರ್ಕೊಂಡು 6:45ಕ್ಕ ಹತ್ತೂದು. 9:30ಕ್ಕ ತಿರುಗಿ, 11ರೊಳಗ ಕೆಳಗ. ಒಗ್ಗರಣಿ-ಮಿರ್ಚಿ. ಗಂಗಾವತ್ಯಾಗ ಮಧ್ಯಾಹ್ನ ನೆರಳಿಗೆ ಮಲಗೂದು, 4:30ಕ್ಕ ಎದ್ದು ಆನೆಗೊಂದಿ. ರವಿವಾರ 6ಕ್ಕ ಅಂಜನಾದ್ರಿ, 9ಕ್ಕ ಹರಿಗೋಲು, ಡಾಂಬರು ರಸ್ತೆ ಹಿಡಿದು 11ಕ್ಕ ಗಂಗಾವತಿ. ಈಜು ಕ್ಯಾನ್ಸಲ್, ಕಾಲುವಿ ದಂಡಿ ಕ್ಯಾನ್ಸಲ್. ರೋಡ್ ಬೈಕಿನಾಂವ ಅವರ ಮಾವನ ಹೈಬ್ರಿಡ್ ತರ್ತಾನಂತ. ಸ್ಕೂಬಾದವ ಸುಮ್ಮನಾಗ್ಯಾನ.

ಒಂದು ಉಳೀತು. ಪ್ರೆಸ್ಟಾ ವಾಲ್ವ್ (ತುದಿಗೆ ಸಣ್ಣ ನಟ್ ಇರೂ ತೆಳ್ಳನೆ ವಾಲ್ವ್) ಇದ್ರ ಹಳ್ಳಿ ಪಂಕ್ಚರ್ ಅಂಗಡ್ಯಾಗ ಗಾಳಿ ಹೊಡಿಸಾಕ ಆಗ್ತೈತೇನ್ರಿ?

ನೆಗ್ಗಿಲುಮುಳ್ಳು:

ನೇರವಾಗಿ ಆಗುವುದಿಲ್ಲ. ಅಲ್ಲಿನ ಕಂಪ್ರೆಸರ್ ಮೂತಿ ಮೋಟಾರ್ ಬೈಕಿನ ವಾಲ್ವಿಗೆ, ಕೈಪಂಪಿನ ಕ್ಲಿಪ್ಪು ಹಳೇ ಸೈಕಲ್ಲಿನ ವಾಲ್ವಿಗೆ. ಬೆರಳ ತುದಿಯಷ್ಟು ಹಿತ್ತಾಳೆ ಅಡಾಪ್ಟರ್ ಬರುತ್ತದೆ, ಪ್ರೆಸ್ಟಾ ಮೇಲೆ ತಿರುಗಿಸಿದರೆ ಮೋಟಾರ್ ಬೈಕಿನ ಮೂತಿ ಕೂರುತ್ತದೆ. ಎರಡು ತಗೊಳ್ಳಿ, ಒಂದು ಕಳೆದೇ ಹೋಗುತ್ತದೆ. ತಿರುಗಿಸುವ ಮುಂಚೆ ಪ್ರೆಸ್ಟಾದ ತುದಿಯ ಸಣ್ಣ ನಟ್ಟನ್ನು ಸಡಿಲಿಸಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಹೋಗುವುದಿಲ್ಲ. ಕಂಪ್ರೆಸರ್ ಇರುವ ಕಡೆ ಅಂಗಡಿಯವರಿಗೆ ‘ಒಂದೊಂದು ಸೆಕೆಂಡು ಬಿಡ್ರಿ’ ಅಂತ ಮೊದಲೇ ಹೇಳಿ, ಬೆರಳಿನಿಂದ ಒತ್ತಿ ನೋಡುತ್ತಾ ತುಂಬಿಸಿ. ಲಾರಿಗೆ ಹೊಡೆದ ಹಾಗೆ ಹಿಡಿದರೆ ಟ್ಯೂಬು ಢಮಾರ್.